ಕೊನೆಯ ಬೊಗಸೆ

ನಮ್ಮೂರಲ್ಲಿ ಅರವತ್ತು ತುಂಬಿದ ದಿನ ಸಂಜೆ ಮನುಷ್ಯರ ದನಿ ಹೋಗುತ್ತದೆ. ದೀಪ ಹಚ್ಚುವಾಗ ಮಾತಾಡುತ್ತಿದ್ದವರು ಊಟಕ್ಕೆ ಕೂರುವ ಹೊತ್ತಿಗೆ ಮಾತಾಡುವುದಿಲ್ಲ, ಅಷ್ಟೆ. ನೋವಿಲ್ಲ, ಜ್ವರವಿಲ್ಲ. ಕೆಮ್ಮು, ನಗು, ಗೊರಕೆ ಎಲ್ಲದರ ಸದ್ದೂ ಹೋಗುತ್ತದೆ. ಗಂಡನ ಗೊರಕೆ ಹೋದ ಮಾರನೆಯ ದಿನ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿದ ಹೆಂಗಸೊಬ್ಬಳನ್ನು ನಾನು ಬಲ್ಲೆ.

ಆದ್ದರಿಂದ ಐವತ್ತೊಂಬತ್ತು ದಾಟಿದವರು ಅಂಚೆ ಕಚೇರಿಯ ಹಿಂದಿರುವ ದನಿಮನೆಗೆ ಬಂದು, ಮುಂದೆ ಬೇಕಾಗುವ ಮಾತುಗಳನ್ನು ಇಟ್ಟು ಹೋಗುತ್ತಾರೆ. ಒಬ್ಬರಿಗೆ ಇನ್ನೂರೈವತ್ತು ಮಾತು. ಅವನ್ನು ತುಂಬಿದ ಅಂಗೈಯಗಲದ ಡಬ್ಬಿಯೊಂದನ್ನು ನಾವು ಕೊಡುತ್ತೇವೆ. ನಂಬರ್ ಒತ್ತಿದರೆ ಮಾತು ಬರುತ್ತದೆ. ನಮ್ಮೂರ ಸಂತೆಯಲ್ಲಿ ಅರ್ಧದಷ್ಟು ಚೌಕಾಸಿ ಡಬ್ಬಿಗಳ ನಡುವೆಯೇ ನಡೆಯುತ್ತದೆ. ಜಗಳದ ಮಧ್ಯೆ ಬ್ಯಾಟರಿ ಮುಗಿದು ಪೆಚ್ಚಾಗಿ ನಿಂತವರನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇವೆ. ಗಾರೆ ಕೆಲಸದ ಹಾಲಪ್ಪ ಎಂಬವನು ಹುರುಪಿನಲ್ಲಿ ನಲವತ್ತು ಬೈಗುಳ ಇಟ್ಟುಕೊಂಡು ‘ತಪ್ಪಾಯ್ತು’ ಅನ್ನುವುದನ್ನೇ ಮರೆತಿದ್ದ. ಅರವತ್ತು ದಾಟಿದ ಮೇಲೆ ಬಂದು, ನನ್ನ ಮೇಜಿನ ಮುಂದೆ ಕೈ ಮುಗಿದು ನಿಂತ. ನಾನೇನು ಮಾಡಲಿ? ಇಟ್ಟ ಮಾತನ್ನು ಕಾಪಾಡಬಲ್ಲೆ, ಇಡದೇ ಹೋದದ್ದನ್ನು ಎಲ್ಲಿಂದ ತರಲಿ?

ನನ್ನ ಹೆಸರು ವಸುಮತಿ. ದನಿಮನೆಯಲ್ಲಿ ದನಿ ಹಿಡಿಯುವ, ಅದನ್ನು ಮತ್ತೆ ನುಡಿಸುವ ಪ್ರೋಗ್ರಾಂ ಬರೆಯುವವಳು ನಾನು. ಹದಿನಾರು ವರ್ಷದಿಂದ ಇದೇ ಕೆಲಸ. ಈಗ ಹೇಳಹೊರಟಿರುವುದು ನಾನು ಮಾಡಿದ ತಪ್ಪಿನ ವಿಚಾರ.

ದಾಕ್ಷಾಯಿಣಮ್ಮ ದನಿಮನೆಗೆ ಬಂದದ್ದು ಚಳಿಗಾಲದ ಕೊನೆಗೆ. ಅವರ ಗಂಡ ಮರುಳಸಿದ್ದಪ್ಪನವರು ಹಾರ್ಮೋನಿಯಂ ರಿಪೇರಿ ಮಾಡುವವರು. ನಾಲ್ಕನೇ ವಯಸ್ಸಿಗೆ ಸಿಡುಬಿನಲ್ಲಿ ಎರಡೂ ಕಣ್ಣು ಹೋದವು. ಸುತ್ತಲಿನ ಹತ್ತೂರ ಭಜನೆ ಮಂಡಳಿಗಳ ಪೆಟ್ಟಿಗೆಗಳು ಅವರ ಕೈಯಲ್ಲೇ ಶ್ರುತಿಗೆ ಬರಬೇಕು. ಏಳು ವರ್ಷದ ಹಿಂದೆ ಅವರಿಗೆ ಅರವತ್ತು ತುಂಬಿದಾಗ ಡಬ್ಬಿ ಮಾಡಿಕೊಟ್ಟವಳು ನಾನೇ. ಬೆರಳಿಗೆ ಸಿಗುವ ಹಾಗೆ ಗುಂಡಿಗಳ ಮೇಲೆ ಚುಕ್ಕಿ ಕೊರೆಸಿದ್ದೆ. ಈ ಏಳು ವರ್ಷ ಅವರು ಡಬ್ಬಿಯಲ್ಲಿ ಕೇಳುತ್ತಿದ್ದರು, ದಾಕ್ಷಾಯಿಣಮ್ಮ ಬಾಯಲ್ಲಿ ಉತ್ತರ ಹೇಳುತ್ತಿದ್ದರು. ಸಂಸಾರ ಸಾಗಿತ್ತು. ಈಗ ದಾಕ್ಷಾಯಿಣಮ್ಮನ ದನಿಯೂ ಹೋಗುವ ಕಾಲ.

ಬೇರೆ ಹೆಂಗಸರು ಸಂತೆಗೊಂದಿಷ್ಟು, ಸೊಸೆಗೊಂದಿಷ್ಟು, ದೇವರಿಗೊಂದಿಷ್ಟು ಅಂತ ಮಾತು ಹಂಚಿಕೊಂಡು ಬರುತ್ತಾರೆ. ದಾಕ್ಷಾಯಿಣಮ್ಮ ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂದೆ ಬರೆದುಕೊಂಡು ಬಂದಿದ್ದ ಇನ್ನೂರ ಹದಿನಾಲ್ಕು ಮಾತುಗಳೂ ಒಬ್ಬರಿಗಾಗಿಯೇ ಇದ್ದವು.

“ಬೇರೆಯವರಿಗೆಲ್ಲ ಕಣ್ಣಿದೆ ವಸುಮತಿ. ಸ್ಲೇಟಿನ ಮೇಲೆ ಬರೆದು ತೋರಿಸ್ತೀನಿ, ಕೈಸನ್ನೆ ಮಾಡ್ತೀನಿ. ನಮ್ಮನೆಯವರಿಗೆ ನಾನು ಇದೀನಿ ಅಂತ ಗೊತ್ತಾಗೋದೇ ದನಿಯಿಂದ,” ಅಂದರು.

ಮೈಕಿನ ಮುಂದೆ ಕೂತು ಒಂದೊಂದೇ ಹೇಳಿದರು. ‘ಕಾಫಿ ಬಿಸಿ ಇದೆ ರೀ.’ ‘ತಲೆ ಬಗ್ಗಿಸಿ ರೀ, ಬಾಗಿಲು ಗಿಡ್ಡ ರೀ.’ ‘ಯಾರೋ ಬಂದಿದಾರೆ ನೋಡಿ ರೀ.’ ‘ನಾನೇ ಕಣ್ರೀ.’ ‘ಕರೆಂಟ್ ಹೋಗಿದೆ, ನಿಮಗೇನು ಗೊತ್ತಾಗಬೇಕು ರೀ.’ ಈ ಕೊನೆಯದನ್ನು ಹೇಳಿ ಅವರೇ ನಕ್ಕರು. ಮಧ್ಯದಲ್ಲಿ ನಮ್ಮ ಜವಾನ ಬಾಗಿಲು ತೆಗೆದು ಬೀದಿಯ ಗದ್ದಲವನ್ನೆಲ್ಲ ಒಳಗೆ ಬಿಟ್ಟಾಗ ಅವನ ಮೇಲೆ ರೇಗಿದರು. ಎರಡು ದಿನ ಹಿಡಿಯಿತು. ಒಂದೊಂದು ಮಾತು ಮುಗಿದ ಕೂಡಲೇ ನಾನು ‘ನಿಲ್ಲಿಸು’ ಒತ್ತುತ್ತಿದ್ದೆ, ಮುಂದಿನದಕ್ಕೆ ಹೋಗುತ್ತಿದ್ದೆ.

ಆಗಷ್ಟೇ ದನಿಮನೆಗೆ ಹೊಸ ಮೈಕು ಬಂದಿತ್ತು. ಬಹಳ ಸೂಕ್ಷ್ಮದ್ದು. ಅದಕ್ಕೆ ತಕ್ಕಂತೆ ಪ್ರೋಗ್ರಾಮನ್ನು ನಾನೇ ಬದಲಾಯಿಸಿದ್ದೆ. ಹೊಸ ಮೈಕಿನಲ್ಲಿ ಪೂರ್ತಿ ಮಾತು ಇಟ್ಟವರಲ್ಲಿ ದಾಕ್ಷಾಯಿಣಮ್ಮನೇ ಮೊದಲಿಗರು. ನಮ್ಮ ಕಂಪ್ಯೂಟರಿನಲ್ಲಿ ನಾಲ್ಕೈದರ ಶುರುವನ್ನು ಹಾಕಿ ಕೇಳಿಸಿದೆ. ತಮ್ಮ ದನಿ ತಾವೇ ಕೇಳಲು ಎಲ್ಲರಿಗೂ ನಾಚಿಕೆ. “ಸಾಕು ಸಾಕು, ಚೆನ್ನಾಗಿದೆ,” ಅಂತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನೂ ಸಾಕು ಮಾಡಿದೆ. ಡಬ್ಬಿಗೆ ತುಂಬಿ ಕೊಟ್ಟೆ. ದನಿ ಇರುವಾಗ ಡಬ್ಬಿ ಬಿಚ್ಚುವುದು ಅಪಶಕುನ ಅಂತ ನಮ್ಮಲ್ಲೊಂದು ನಂಬಿಕೆ. ಅವರು ಅದನ್ನು ಹಾಗೇ ಬೀರುವಿನಲ್ಲಿಟ್ಟರು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ, ದನಿಮನೆಯ ಬಾಗಿಲು ತೆಗೆಯುವಾಗಲೇ ಅವರು ಮೆಟ್ಟಿಲ ಮೇಲೆ ನಿಂತಿದ್ದರು. ಹಿಂದಿನ ದಿನ ಅವರಿಗೆ ಅರವತ್ತು ತುಂಬಿತ್ತು. ಮುಖ ಬಿಗಿದುಕೊಂಡಿತ್ತು. ಒಳಗೆ ಬಂದು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಒಂದು ನಂಬರ್ ಒತ್ತಿದರು. ಗುಬ್ಬಚ್ಚಿ ಚಿಲಿಪಿಲಿಗುಟ್ಟಿದ ಹಾಗೆ ಏನೋ ಒಂದು ಸರ್ರನೆ ಹಾದುಹೋಯಿತು. ಇನ್ನೊಂದು ಒತ್ತಿದರು, ಮತ್ತೊಂದು ಒತ್ತಿದರು. ಎಲ್ಲವೂ ಹಾಗೇ. ಆಮೇಲೆ ಚೀಲದಿಂದ ಸ್ಲೇಟು ತೆಗೆದು ಬರೆದರು: ‘ಬೆಳಿಗ್ಗೆ ಎಬ್ಬಿಸೋಕೆ ಹೋದೆ. ಅವರು ಯಾರದು ಅಂದರು.’

ಮರುಳಸಿದ್ದಪ್ಪನವರ ಡಬ್ಬಿಯಲ್ಲಿ ‘ಯಾರದು?’ ಇತ್ತು. ಬಾಗಿಲು ತಟ್ಟಿದವರಿಗೆ ಕೇಳಲೆಂದು ಇಟ್ಟುಕೊಂಡ ಮಾತು. ಅದನ್ನು ಅವರು ಹಾಸಿಗೆಯಲ್ಲಿ ಹೆಂಡತಿಗೆ ಒತ್ತಿದ್ದರು.

“ಕೂತ್ಕೊಳ್ಳಿ ಅಮ್ಮಾ, ದನಿ ಎಲ್ಲೂ ಹೋಗಿಲ್ಲ, ಒಳಗೇ ಇರುತ್ತೆ,” ಅಂದೆ. ನನಗೇ ಹೇಳಿಕೊಂಡೆ ಅನ್ನಬೇಕು. ನಮ್ಮ ಕಂಪ್ಯೂಟರಿನಲ್ಲಿ ಹಾಕಿದರೆ ಮಾತು ಸ್ಪಷ್ಟವಾಗಿ ಬರುತ್ತಿತ್ತು. ಡಬ್ಬಿಯಲ್ಲಿ ಮಾತ್ರ ಗುಬ್ಬಚ್ಚಿ. ಒಂದು ಗಂಟೆ ತಡಕಾಡಿದ ಮೇಲೆ ಸಿಕ್ಕಿತು. ಪ್ರತಿ ಫೈಲಿನ ತಲೆಯಲ್ಲಿ, ಒಳಗೆ ಏನಿದೆ ಅಂತ ಹೇಳುವ ಒಂದು ಸಣ್ಣ ಬರಹವಿರುತ್ತದೆ. ಹಳೇ ಮೈಕು ಎಡ ಬಲ ಎಂದು ಎರಡು ಸಾಲಿನಲ್ಲಿ ದನಿ ಕೊಡುತ್ತಿತ್ತು, ಹೊಸದು ಒಂದೇ ಸಾಲಿನಲ್ಲಿ. ನಾನು ತಲೆಬರಹವನ್ನು ಮಾತ್ರ ಹಳೆಯದನ್ನೇ ಬಿಟ್ಟಿದ್ದೆ. ಡಬ್ಬಿ ಅದನ್ನು ನಂಬಿ, ಒಂದು ಸಾಲನ್ನು ಎರಡು ಕಿವಿಗೂ ಹಂಚಿ, ಎರಡರಷ್ಟು ವೇಗದಲ್ಲಿ ಓಡಿಸುತ್ತಿತ್ತು. ನಮ್ಮ ಕಂಪ್ಯೂಟರಿನಲ್ಲಿ ಕೇಳಿಸುವ ಪ್ರೋಗ್ರಾಂ ಆ ಬರಹವನ್ನು ಓದುತ್ತಲೇ ಇರಲಿಲ್ಲ, ಮೈಕು ಹೇಳಿದ ಹಾಗೆ ನುಡಿಸುತ್ತಿತ್ತು. ಹಾಗಾಗಿ ನನಗೆ ಸುಳಿವೇ ಸಿಕ್ಕಿರಲಿಲ್ಲ.

ಎರಡು ಎಂದಿದ್ದಲ್ಲಿ ಒಂದು ಎಂದು ತಿದ್ದಿದೆ. ಡಬ್ಬಿಯಲ್ಲಿ ‘ನಾನೇ’ ಅಂತ ಹೆಂಗಸಿನ ದನಿ ಬಂತು. ದಾಕ್ಷಾಯಿಣಮ್ಮನ ಕಣ್ಣು ತುಂಬಿತು. ಪೂರ್ತಿ ಕೇಳುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಇನ್ನೂರ ಹದಿನಾಲ್ಕನ್ನೂ ತಿದ್ದಿ ತುಂಬಿಕೊಟ್ಟೆ. ಡಬ್ಬಿ ಸೆರಗಿನಲ್ಲಿ ಸುತ್ತಿಕೊಂಡು, ಹೆಚ್ಚುಕಡಿಮೆ ಓಡಿಕೊಂಡೇ ಹೋದರು.

ಮಧ್ಯಾಹ್ನ ನಾನು ಬುತ್ತಿ ಬಿಚ್ಚುವಾಗ ಮತ್ತೆ ಬಂದರು. ಈ ಸಲ ಸ್ಲೇಟಿನಲ್ಲಿ ಮೊದಲೇ ಬರೆದುಕೊಂಡಿದ್ದರು: ‘ನಿಮ್ಮಕ್ಕ ಬಂದಿದಾಳಾ ಅಂತ ಡಬ್ಬಿ ಒತ್ತಿದರು. ನೀನೇ ಬಾ.’

ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ನೆಲದ ತುಂಬ ಬಿಚ್ಚಿದ ಹಾರ್ಮೋನಿಯಂಗಳು, ಹಿತ್ತಾಳೆಯ ಸಣ್ಣ ಸ್ವರದ ಪಟ್ಟಿಗಳು, ಅರ, ಅಂಟಿನ ವಾಸನೆ. ಮರುಳಸಿದ್ದಪ್ಪನವರು ಗೋಡೆಗೊರಗಿ ಕೂತಿದ್ದರು. ನನ್ನ ಚಪ್ಪಲಿಯ ಸದ್ದಿಗೇ ಗುರುತು ಹಿಡಿದು ಡಬ್ಬಿ ಒತ್ತಿದರು. ‘ಬಾರಮ್ಮ, ಕೂತ್ಕೋ.’ ಏಳು ವರ್ಷದ ಹಿಂದಿನ ಅವರ ದನಿ ಗಟ್ಟಿಯಾಗಿ, ನಿಚ್ಚಳವಾಗಿ ಬಂತು. ನನಗೆ ನಾಚಿಕೆಯಾಯಿತು.

“ಸಿದ್ದಪ್ಪನೋರೇ, ಈಗ ಸರಿಯಾಗಿದೆಯಲ್ಲ, ಅಮ್ಮನ ದನಿಯೇ ಅಲ್ವಾ?” ಅಂತ ಕೇಳಿದೆ. ನಿಜ ಹೇಳುವುದಾದರೆ, ಮುದುಕರಿಗೆ ಹೆಂಡತಿಯ ದನಿ ಹೋದ ಸಂಕಟ, ಅದಕ್ಕೇ ಒಪ್ಪುತ್ತಿಲ್ಲ ಅಂದುಕೊಂಡಿದ್ದೆ. ಬೇರೆ ಮನೆಗಳಲ್ಲೂ ಮೊದಲ ವಾರ ಹೀಗಾಗುತ್ತದೆ.

ಅವರು ಪಕ್ಕದಲ್ಲಿದ್ದ ಪೆಟ್ಟಿಗೆಯನ್ನು ಎಳೆದುಕೊಂಡು, ತಿದಿ ಒತ್ತಿ, ಕರಿ ಎರಡು ಅನ್ನುವ ಸ್ವರದ ಮನೆಯನ್ನು ಹಿಡಿದರು. ಸ್ವರ ಕೋಣೆ ತುಂಬಿತು. ಬಿಟ್ಟು, ಹೆಂಡತಿಯ ಕಡೆ ಕೈ ತೋರಿಸಿದರು. ಅವಳು ಕರೆಯುವುದು ಇಲ್ಲಿ, ಅಂತ. ಆಮೇಲೆ ಹೆಂಡತಿಗೆ ಡಬ್ಬಿ ಒತ್ತುವಂತೆ ಸನ್ನೆ ಮಾಡಿದರು. ‘ಊಟಕ್ಕೆ ಬನ್ನಿ’ ಬಂತು. ಅದು ಮುಗಿಯುತ್ತಲೇ ಬಿಳಿ ಎರಡನ್ನು ಒತ್ತಿ ತಲೆಯಾಡಿಸಿದರು, ಇದಲ್ಲ. ಇನ್ನೂ ಕೆಳಗೆ ಕರಿ ಒಂದನ್ನು ಒತ್ತಿದರು, ಇದೂ ಅಲ್ಲ. ಕೊನೆಗೆ ಎರಡನ್ನೂ ಒಟ್ಟಿಗೆ ಒತ್ತಿದರು. ಹಲ್ಲು ಜುಮ್ಮೆನ್ನುವ ಸದ್ದು. ಬೆರಳೆತ್ತಿ, ಆ ಎರಡು ಮನೆಗಳ ನಡುವಿನ ಸಂದಿಯಲ್ಲಿ ಉಗುರಿಟ್ಟು ತೋರಿಸಿದರು.

ಒಂದೂವರೆ ಮನೆ ಕೆಳಗೆ. ಸರಿಯಾಗಿ ಒಂದೂವರೆ.

ನಾನು ಅಲ್ಲೇ ಅವರ ಹೆಂಡತಿಯ ಸ್ಲೇಟು ಇಸಿದುಕೊಂಡು ಲೆಕ್ಕ ಹಾಕಿದೆ. ಹೊಸ ಮೈಕು ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ ದನಿಯನ್ನು ಅಳೆದು ಕೊಡುತ್ತದೆ. ಹಳೆಯದು ನಲವತ್ತನಾಲ್ಕು ಸಾವಿರದ ನೂರು ಸಲ. ತಲೆಬರಹದಲ್ಲಿ ಆ ಅಂಕಿಯನ್ನೂ ನಾನು ಹಳೆಯದನ್ನೇ ಬಿಟ್ಟಿದ್ದೆ. ಡಬ್ಬಿ ಮಾತನ್ನು ಚೂರು ನಿಧಾನಿಸಿ, ಚೂರು ತಗ್ಗಿಸಿ ನುಡಿಸುತ್ತಿತ್ತು. ಎಷ್ಟು ತಗ್ಗಿಸಿ ಅಂದರೆ, ಒಂದೂವರೆ ಮನೆ. ನನ್ನ ಕಿವಿಗೆ ಅದು ದಾಕ್ಷಾಯಿಣಮ್ಮನೇ ಆಗಿತ್ತು. ಊರಿನ ಯಾರ ಕಿವಿಗಾದರೂ ಆಗುತ್ತಿತ್ತು. ಅವರಿಗೆ ಮಾತ್ರ ಅದು ಯಾರೋ ಹತ್ತಿರದ ಸಂಬಂಧಿ, ಅಕ್ಕ, ಅಷ್ಟೆ.

“ತಪ್ಪು ನನ್ನದೇ ಸಿದ್ದಪ್ಪನೋರೇ. ಒಂದು ಗಂಟೆ ಟೈಮ್ ಕೊಡಿ,” ಅಂದೆ. ಅವರು ಮುಖ ಅರಳಿಸಿ ‘ಆಗಲಿ, ಆಗಲಿ’ ಒತ್ತಿದರು.

ಸಂಜೆಯೊಳಗೆ ತಿದ್ದಿ ತಂದೆ. ದಾಕ್ಷಾಯಿಣಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಡಬ್ಬಿಯನ್ನು ಬಾಯಿಯ ಹತ್ತಿರ ಹಿಡಿದು, ಒತ್ತಿದರು. ‘ನಾನೇ ಕಣ್.’ ಮರುಳಸಿದ್ದಪ್ಪನವರು ಕೂತಲ್ಲೇ ಬೆನ್ನು ನೇರ ಮಾಡಿದರು. ಮುಖ ಆ ಕಡೆ ತಿರುಗಿತು. ಕೈ ತಾನಾಗಿ ಪೆಟ್ಟಿಗೆಯ ಕಡೆ ಹೋಗಿ, ಕರಿ ಎರಡನ್ನು ಒತ್ತಿ ನೋಡಿ, ಅಲ್ಲೇ ನಿಂತಿತು. ಕೂಡಿತ್ತು.

ಆದರೆ ದಾಕ್ಷಾಯಿಣಮ್ಮ ಬಾಗಿಲಿನಿಂದ ಅಲುಗಲಿಲ್ಲ. ಮತ್ತೊಂದು ಒತ್ತಿದರು. ‘ಕಾಫಿ ಬಿಸಿ ಇದೆ.’ ಮತ್ತೊಂದು. ‘ಯಾರೋ ಬಂದಿದಾರೆ ನೋಡಿ.’ ಮತ್ತೊಂದು, ಇನ್ನೊಂದು. ಬೆರಳಿನ ವೇಗ ಹೆಚ್ಚುತ್ತ ಹೋಯಿತು. ಸ್ಲೇಟು ತೆಗೆದುಕೊಂಡು ಎರಡೇ ಪದ ಬರೆದು ನನ್ನ ಮುಖದ ಮುಂದೆ ಹಿಡಿದರು.

‘ರೀ ಎಲ್ಲಿ?’

ನಾನು ಡಬ್ಬಿ ಇಸಿದುಕೊಂಡು ಹತ್ತಿಪ್ಪತ್ತನ್ನು ಕೇಳಿದೆ. ಎಲ್ಲೂ ಇರಲಿಲ್ಲ. ಒಂದೊಂದು ಮಾತೂ ಕೊನೆಯಲ್ಲಿ ಕತ್ತರಿ ಹಾಕಿದ ಹಾಗೆ ನಿಂತುಬಿಡುತ್ತಿತ್ತು. ಬಾಗಿಲು ಗಿಡ್ಡ ಅನ್ನುವ ಎಚ್ಚರಿಕೆಯಲ್ಲಿ ಮಧ್ಯದ ‘ರೀ’ ಒಂದು ಇತ್ತು, ಅದೂ ‘ಬಗ್ಗಿಸಿರೀ’ ಎಂದು ಅವಸರದಲ್ಲಿ ಹಿಂದಿನ ಪದಕ್ಕೆ ಅಂಟಿಕೊಂಡು, ಅರ್ಧ ನುಂಗಿಹೋಗಿತ್ತು. ಬಿಡಿಸಿದರೆ ಬರೀ ಇಕಾರ ಉಳಿಯುತ್ತಿತ್ತು.

ಕಾರಣ ಹುಡುಕಲು ಮಾರನೆಯ ದಿನ ಮಧ್ಯಾಹ್ನದವರೆಗೆ ಬೇಕಾಯಿತು. ಸಿಕ್ಕಾಗ, ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ಯಂತ್ರ ದನಿಯನ್ನು ಹರಿಯುವ ನೀರಿನ ಹಾಗೆ ಒಂದೇ ಸಮನೆ ಫೈಲಿಗೆ ಬಿಡುವುದಿಲ್ಲ. ಬೊಗಸೆ ಬೊಗಸೆಯಾಗಿ ತುಂಬಿಕೊಂಡು ಸುರಿಯುತ್ತದೆ. ಒಂದು ಬೊಗಸೆ ತುಂಬಿದ ಮೇಲೆ ಮಾತ್ರ ಸುರಿಯುವುದು. ‘ನಿಲ್ಲಿಸು’ ಒತ್ತಿದಾಗ ಕೊನೆಯ ಬೊಗಸೆ ಅರ್ಧ ಮಾತ್ರ ತುಂಬಿರುತ್ತದೆ. ಆ ಅರ್ಧವನ್ನೂ ಸುರಿದು ಆಮೇಲೆ ಮುಚ್ಚು ಎಂದು ಪ್ರೋಗ್ರಾಮಿಗೆ ಹೇಳಬೇಕು. ನಾನು ಹೇಳಿರಲಿಲ್ಲ. ಹಳೇ ಮೈಕಿನ ಬೊಗಸೆ ಚಿಕ್ಕದು, ಚೆಲ್ಲಿಹೋದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸದರ ಬೊಗಸೆ ದೊಡ್ಡದು. ಅದರಲ್ಲಿ ಸರಿಯಾಗಿ ಒಂದು ‘ರೀ’ ಹಿಡಿಸುತ್ತಿತ್ತು.

ಮೊದಲೆರಡು ತಪ್ಪಿನಲ್ಲಿ ದನಿ ಒಳಗೇ ಇತ್ತು, ಗುರುತಿನ ಚೀಟಿ ಮಾತ್ರ ತಪ್ಪಾಗಿತ್ತು. ಇಲ್ಲಿ ಹಾಗಲ್ಲ. ಚೆಲ್ಲಿದ್ದು ಎಲ್ಲೂ ಇರಲಿಲ್ಲ. ಒಂದೇ ಒಂದು ಸಾಲು ಬರೆದು ಪ್ರೋಗ್ರಾಮನ್ನು ಸರಿಮಾಡಿದೆ. ಹೊಸ ಮೈಕಿನಲ್ಲಿ ಮಾತು ಇಡಲು ಶುರು ಮಾಡಿ, ಇನ್ನೂ ಅರವತ್ತು ತುಂಬದಿದ್ದ ಒಂಬತ್ತು ಜನರ ಮನೆಗೆ ಹೋಗಿ, ಮತ್ತೆ ಬಂದು ಹೇಳಿ ಅಂತ ಕರೆದು ಬಂದೆ. ಹತ್ತನೆಯದು ದಾಕ್ಷಾಯಿಣಮ್ಮನ ಮನೆ, ಅದನ್ನು ಕೊನೆಗಿಟ್ಟುಕೊಂಡಿದ್ದೆ.

ಹೋದೆ. ಬೊಗಸೆಯ ವಿಷಯವನ್ನು ಕೈಯಲ್ಲೇ ಮಾಡಿ ತೋರಿಸಿ ಹೇಳಿದೆ. ದಾಕ್ಷಾಯಿಣಮ್ಮ ಪೂರ್ತಿ ಕೇಳಿ ಬರೆದರು: ‘ಕೊಡುವ ಮುಂಚೆ ನೀನು ಕೇಳಿ ನೋಡಲಿಲ್ಲವಾ?’

“ಶುರು ಮಾತ್ರ ಕೇಳಿದೆ ಅಮ್ಮಾ. ಕೊನೇವರೆಗೂ ಕೇಳಲಿಲ್ಲ.”

ಅವರು ಸ್ಲೇಟನ್ನು ಒರೆಸಿದರು. ಆಮೇಲೆ ನಿಧಾನವಾಗಿ ಬರೆದದ್ದು ಇದು: ‘ನಲವತ್ತೊಂದು ವರ್ಷ ಅವರ ಹೆಸರು ನಾನು ಹೇಳಿಲ್ಲ. ನಾನು ಕರೆಯುತ್ತಿದ್ದ ಹೆಸರು ಅದೇ.’

ಹಿಂದಕ್ಕೆ ಬಂದು ಹುಚ್ಚಿಯ ಹಾಗೆ ಹುಡುಕಿದೆ. ಒಂದು ‘ರೀ’ ಸಿಕ್ಕರೆ ಸಾಕು, ಎಲ್ಲದರ ಬಾಲಕ್ಕೂ ಅಂಟಿಸಬಹುದು. ತಿರಸ್ಕರಿಸಿ ಪಕ್ಕಕ್ಕಿಟ್ಟ ಫೈಲುಗಳಲ್ಲಿ ಒಂದು ಸಿಕ್ಕಿತು. ಜವಾನ ಬಾಗಿಲು ತೆಗೆದಾಗ ಅವರು ರೇಗಿದ್ದು: ‘ಅಲ್ಲಾ... ರೀ... ಬಾಗಿಲು ಹಾಕ್ಕೊಳ್ಳಿ!’ ಮಧ್ಯದಲ್ಲಿ, ಎರಡೂ ಕಡೆ ಬಿಡುವಿನೊಂದಿಗೆ, ಪೂರ್ತಿಯಾದ ಒಂದು ‘ರೀ’. ಅದನ್ನು ನಾಜೂಕಾಗಿ ಕತ್ತರಿಸಿ, ಅಂಚು ಸವರಿ, ಇನ್ನೂರಕ್ಕೂ ಹೆಚ್ಚು ಮಾತಿಗೆ ಒಂದೊಂದಾಗಿ ಸೇರಿಸಿದೆ. ಮೂರು ದಿನದ ಕೆಲಸ. ಈ ಸಲ ಪ್ರತಿಯೊಂದನ್ನೂ ಕೊನೆಯವರೆಗೆ ಕೇಳಿದೆ. ಸೇರಿಸಿದ್ದು ಅಂತ ನನಗೇ ತಿಳಿಯುತ್ತಿರಲಿಲ್ಲ.

ಡಬ್ಬಿ ಕೈಗೆ ಕೊಟ್ಟಾಗ ದಾಕ್ಷಾಯಿಣಮ್ಮ ಗಂಡನ ಎದುರೇ ಕೂತು ಒತ್ತಿದರು. ‘ಊಟಕ್ಕೆ ಬನ್ನಿ ರೀ.’ ಹೆಂಡತಿಯ ಮುಖದಲ್ಲಿ ಬೆಳಕು ಬಂತು. ಗಂಡನ ಮುಖದಲ್ಲಿ ಬರಲಿಲ್ಲ. ಅವರು ಕೈ ಚಾಚಿ ಡಬ್ಬಿಯನ್ನು ತಾವೇ ತೆಗೆದುಕೊಂಡು ಮೂರ್ನಾಲ್ಕು ಸಲ ಒತ್ತಿ ಕೇಳಿದರು. ಪೆಟ್ಟಿಗೆಯ ಕಡೆ ಕೈ ಹೋಗಲಿಲ್ಲ. ಶ್ರುತಿಯ ತಪ್ಪಲ್ಲ ಅಂತ ಅವರಿಗೂ ಗೊತ್ತಿತ್ತು. ತಮ್ಮ ಡಬ್ಬಿ ಹುಡುಕಿ ಒತ್ತಿದರು. ‘ಬೇಡ.’ ಆಮೇಲೆ ಇನ್ನೊಂದು ನಂಬರ್, ಗಿರಾಕಿಗಳಿಗೆ ಅಂತ ಇಟ್ಟುಕೊಂಡದ್ದು. ‘ಇದು ಬೇರೆ ಪೆಟ್ಟಿಗೆಯ ಸ್ವರ. ಇದಕ್ಕೆ ಹೊಂದಲ್ಲ.’

ನನಗೆ ತಕ್ಷಣ ಅರ್ಥವಾಯಿತು. ಆ ‘ರೀ’ ಜವಾನನಿಗೆ ಹೇಳಿದ್ದು. ದಾಕ್ಷಾಯಿಣಮ್ಮನಿಗೂ ಅರ್ಥವಾಯಿತು. ತಾನು ಬೇರೆಯವರಿಗೆ ಹೇಳುವ ‘ರೀ’ ಬೇರೆ, ಗಂಡನಿಗೆ ಹೇಳುವ ‘ರೀ’ ಬೇರೆ ಅಂತ ಆಕೆಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲವೇನೋ. ಗಂಡನ ಮುಖ ನೋಡುತ್ತಲೇ ಸ್ಲೇಟಿನಲ್ಲಿ ಬರೆದರು. ಆಮೇಲೆ ಸ್ಲೇಟು ನನ್ನ ಕಡೆ ತಳ್ಳಿದರು: ‘ತೆಗೆದುಬಿಡು. ಮೊದಲಿದ್ದ ಹಾಗೇ ಇರಲಿ.’

ತೆಗೆದುಕೊಟ್ಟೆ. ಕೊನೆ ತುಂಡಾದ ಮಾತುಗಳನ್ನೇ ತುಂಬಿ ಕೊಟ್ಟು ಬಂದೆ. ಅದಾದ ಮೇಲೆ ಆ ಬೀದಿಯಲ್ಲಿ ಹೋಗುವುದನ್ನು ಬಿಟ್ಟು ಬಳಸಿ ಹೋಗತೊಡಗಿದೆ. ದನಿಮನೆಯಲ್ಲಿ ಯಾರು ಬಂದರೂ ಪೂರ್ತಿ ಕೇಳಿಸದೆ ಬಿಡುತ್ತಿರಲಿಲ್ಲ. ನಾಚಿಕೆಯಾದರೂ ಕೂರಿಸಿ ಕೇಳಿಸುತ್ತಿದ್ದೆ. ಅದರಿಂದ ನನ್ನ ಮನಸ್ಸೇನೂ ಹಗುರವಾಗಲಿಲ್ಲ.

ಒಂದೂವರೆ ತಿಂಗಳಾದ ಮೇಲೆ, ಮರುಳಸಿದ್ದಪ್ಪನವರ ಡಬ್ಬಿಯ ಬ್ಯಾಟರಿ ಬದಲಾಯಿಸಬೇಕು ಅಂತ ಚೀಟಿ ಬಂತು. ಜವಾನನನ್ನು ಕಳಿಸಬಹುದಿತ್ತು. ಮನಸ್ಸು ಗಟ್ಟಿ ಮಾಡಿ ನಾನೇ ಹೋದೆ. ಬೆಳಗಿನ ಹತ್ತರ ಹೊತ್ತು. ಅವರು ಹಾರ್ಮೋನಿಯಂ ಒಂದರ ಹೊಟ್ಟೆ ಬಿಚ್ಚಿ ಹಿತ್ತಾಳೆಯ ಪಟ್ಟಿಯನ್ನು ಅರದಲ್ಲಿ ಉಜ್ಜುತ್ತಿದ್ದರು. ನಾನು ಬ್ಯಾಟರಿ ಹಾಕಿ ಮುಗಿಸುವಾಗ ದಾಕ್ಷಾಯಿಣಮ್ಮ ಒಳಗಿನಿಂದ ಲೋಟ ಹಿಡಿದು ಬಂದರು. ಮುಂಚೆಯಾಗಿದ್ದರೆ ಅಡುಗೆಮನೆಯಿಂದಲೇ ಕೂಗುತ್ತಿದ್ದರು. ಈಗ ಕೋಣೆ ದಾಟಿ, ನೆಲದ ಮೇಲಿನ ಸಾಮಾನು ತಪ್ಪಿಸಿ, ಗಂಡನ ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ ಬಂದು ಕೂತು, ಡಬ್ಬಿ ಒತ್ತಿದರು. ‘ಕಾಫಿ ಬಿಸಿ ಇದೆ.’ ಮಾತು ತುಂಡಾಯಿತು. ತುಂಡಾದ ಕೂಡಲೇ, ‘ರೀ’ ಬರಬೇಕಿದ್ದ ಜಾಗದಲ್ಲಿ, ಅವರ ಮುಂಗೈಯನ್ನು ಎರಡು ಬೆರಳಿನಲ್ಲಿ ಒಂದು ಸಲ ಅದುಮಿದರು. ಎಷ್ಟು ಉದ್ದ ಎಳೆಯುತ್ತಿದ್ದರೋ ಅಷ್ಟೇ ಹೊತ್ತು.

ಮರುಳಸಿದ್ದಪ್ಪನವರು ಅರ ಕೆಳಗಿಟ್ಟು ಲೋಟಕ್ಕೆ ಕೈ ಒಡ್ಡಿದರು.

ನನಗೆ ಕೇಳದೆ ಇರಲಾಗಲಿಲ್ಲ. “ಸಿದ್ದಪ್ಪನೋರೇ, ಈಗ ಹೇಗಿದೆ?” ಅಂದೆ.

ಅವರು ಕಾಫಿ ಒಂದು ಗುಟುಕು ಕುಡಿದರು. ಹೊಸ ಬ್ಯಾಟರಿ ಹಾಕಿದ್ದ ಡಬ್ಬಿಯನ್ನು ಎತ್ತಿಕೊಂಡು, ಚುಕ್ಕಿಗಳ ಮೇಲೆ ಬೆರಳಾಡಿಸಿ ಹುಡುಕಿ, ಅವಸರ ಮಾಡುವ ಗಿರಾಕಿಗಳಿಗೆ ಹೇಳಲೆಂದು ಇಟ್ಟುಕೊಂಡಿದ್ದ ಮಾತೊಂದನ್ನು ಒತ್ತಿದರು.

‘ಶ್ರುತಿ ಕೂಡ್ತಾ ಇದೆ. ಇನ್ನೊಂದೆರಡು ದಿನ ಬಿಟ್ಟು ಬನ್ನಿ.’

ದಾಕ್ಷಾಯಿಣಮ್ಮ ನಕ್ಕರು. ಸದ್ದಿಲ್ಲದ ನಗು, ಭುಜ ಮಾತ್ರ ಕುಲುಕುವ ನಗು. ಮೊಣಕಾಲಿಗೆ ಮೊಣಕಾಲು ತಗಲಿದ್ದರಿಂದ ಅದು ಮರುಳಸಿದ್ದಪ್ಪನವರಿಗೂ ತಿಳಿಯಿತು. ಲೋಟದಲ್ಲಿದ್ದ ಕಾಫಿ ಅವರ ಪಂಚೆಯ ಮೇಲೆ ಚೆಲ್ಲಿತು.